ಹವ್ಯಾಸಿ ಕಬಡ್ಡಿ ಕ್ಲಬ್‌ನಲ್ಲಿ ಮಕ್ಕಳ ಸುರಕ್ಷತೆ: ಲಿಖಿತ ನಿಯಮ ಬೇಕೇ?

ಪ್ರಶ್ನೆ (ಕ್ಲಬ್ ಕಾರ್ಯದರ್ಶಿ):
ನಮ್ಮದು ತಾಲ್ಲೂಕು ಕೇಂದ್ರವೊಂದರ ಸಣ್ಣ ಕಬಡ್ಡಿ ಕ್ಲಬ್. ಶಾಲಾ ಮೈದಾನದಲ್ಲಿ ಸಂಜೆ ಹೊತ್ತು ಹುಡುಗ ಹುಡುಗಿಯರಿಗೆ ಅಭ್ಯಾಸ ನಡೆಯುತ್ತದೆ; ತರಬೇತುದಾರರು ಸಂಬಳವಿಲ್ಲದೆ ಕಲಿಸುತ್ತಾರೆ. ಅವರು ರಾತ್ರಿ ಹೊತ್ತು ಹುಡುಗಿಯರಿಗೆ ಪ್ರತ್ಯೇಕವಾಗಿ ವಾಟ್ಸಾಪ್ ಸಂದೇಶ ಕಳಿಸುವುದು, ಜೊತೆಗೆ ಮಹಿಳೆಯರಿಲ್ಲದೆ ಹೊರ ಊರಿನ ಪಂದ್ಯಗಳಿಗೆ ಕರೆದೊಯ್ಯುವುದು ಸರಿಯೇ ಎಂದು ತಾಯಿಯೊಬ್ಬರು ಕೇಳಿದ್ದಾರೆ. ಸಂದೇಶಗಳಲ್ಲಿ ಅಭ್ಯಾಸದ ವೇಳೆಯ ಹೊರತು ಬೇರೇನೂ ಇರಲಿಲ್ಲ. ನಿಯಮ ಮಾಡೋಣವೆಂದರೆ, ಅದು ಗುರುಗಳನ್ನೇ ಅನುಮಾನಿಸಿದಂತೆ ಎಂದು ಸಮಿತಿಯ ಹಿರಿಯರು ತಡೆಯುತ್ತಿದ್ದಾರೆ. ಇಷ್ಟು ಚಿಕ್ಕ ಸಂಸ್ಥೆಗೆ ಕಾನೂನು ಅನ್ವಯಿಸುತ್ತದೆಯೇ?

ಉತ್ತರ 1 (ವಕೀಲೆ):
ಖಂಡಿತ ಅನ್ವಯಿಸುತ್ತದೆ. 18 ವರ್ಷದೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದಿರುವುದು ಗೊತ್ತಾದವರು, ನಡೆಯಬಹುದೆಂಬ ಆತಂಕವಿರುವವರು ಸಹ, ಪೊಲೀಸರಿಗೆ ತಿಳಿಸಲೇಬೇಕೆಂದು ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸಲು ಬಂದ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಹೇಳುತ್ತದೆ. ಸಂಸ್ಥೆಯ ಹೊಣೆ ಹೊತ್ತವರು ತಮ್ಮ ಕೈಕೆಳಗಿನವರ ಅಪರಾಧವನ್ನು ವರದಿ ಮಾಡದಿದ್ದರೆ ಒಂದು ವರ್ಷದವರೆಗೆ ಸೆರೆವಾಸ ಮತ್ತು ದಂಡವಿದೆ. ಸಮಿತಿಯಲ್ಲಿ ಕೂತು ರಾಜಿ ಮಾಡಿಸುವ ಅಧಿಕಾರ ನಿಮಗಿಲ್ಲ.

ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಗೆಂದು 2013ರಲ್ಲಿ ಬಂದ ಕಾಯ್ದೆಯು ತರಬೇತಿಗೆ ಬಳಸುವ ಕ್ರೀಡಾ ಸ್ಥಳಗಳನ್ನು ಕೆಲಸದ ಸ್ಥಳವೆಂದೇ ಎಣಿಸುತ್ತದೆ, ಸ್ವಯಂಸೇವಕರನ್ನೂ ಹೊರಗಿಡುವುದಿಲ್ಲ. ಹತ್ತು ಜನಕ್ಕಿಂತ ಕಡಿಮೆ ಕೆಲಸ ಮಾಡುವಲ್ಲಿ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಕಡ್ಡಾಯವಲ್ಲ. ದೂರನ್ನು ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು.

ಉತ್ತರ 2 (ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ):
ನಿಯಮವಿದ್ದರೆ ಒಳ್ಳೆಯ ತರಬೇತುದಾರರಿಗೇ ಹೆಚ್ಚು ರಕ್ಷಣೆ ಎಂಬುದನ್ನು ನಿಮ್ಮ ಹಿರಿಯರಿಗೆ ಹೇಳಿ. ಕಬಡ್ಡಿಯಲ್ಲಿ ಮೈಮುಟ್ಟದೆ ಕಲಿಸುವುದು ಸಾಧ್ಯವಿಲ್ಲ. ಆಂಕಲ್ ಹೋಲ್ಡ್ (ಕಣಕಾಲು ಹಿಡಿತ) ಇರಲಿ, ಥೈ ಹೋಲ್ಡ್ (ತೊಡೆ ಹಿಡಿತ) ಇರಲಿ, ಎಲ್ಲಿ ಹಿಡಿಯಬೇಕು, ಏಕೆ ಎಂದು ಮೊದಲು ಬಾಯಲ್ಲಿ ವಿವರಿಸಿ, ಆಮೇಲೆ ಹುಡುಗಿಯರಿಬ್ಬರಿಂದಲೇ ಎಲ್ಲರೂ ಕಾಣುವಂತೆ ಅಂಕಣದ ನಡುವೆ ಮಾಡಿಸಿದರೆ ಸಂದೇಹಕ್ಕೆ ಎಡೆಯಿರುವುದಿಲ್ಲ. ಪಂದ್ಯದ ತೂಕದ ಮಿತಿಗಾಗಿ ಆಟಗಾರರ ತೂಕ ನೋಡುವ ಕೋಣೆಯ ಬಗ್ಗೆ ಯಾರೂ ಯೋಚಿಸುವುದೇ ಇಲ್ಲ. ಹುಡುಗಿಯರ ತೂಕವನ್ನು ಮಹಿಳೆಯರೇ ನೋಡಬೇಕು. ಅಂಕಿಯನ್ನು ಕೂಗಿ ಹೇಳುವ ಕೆಟ್ಟ ಚಾಳಿಯನ್ನು ಮೊದಲು ಬಿಡಬೇಕು. ಹಾಗೆ ಕೂಗಿಸಿಕೊಂಡ ಹುಡುಗಿಯರು ಪಂದ್ಯದ ಹಿಂದಿನ ದಿನ ಊಟ ಬಿಡುವುದನ್ನು ನಾನು ಕಂಡಿದ್ದೇನೆ.

ಸಂದೇಶಗಳೆಲ್ಲ ಪೋಷಕರೂ ಇರುವ ಗುಂಪಿನಲ್ಲೇ ಬರಲಿ. ಪ್ರಯಾಣದ ವಿಚಾರದಲ್ಲಿ ತಾಯಿಯ ಪ್ರಶ್ನೆ ಅತಿಯಾದುದೇನಲ್ಲ: ಮಹಿಳಾ ಕ್ರೀಡಾಪಟುಗಳಿರುವ ತಂಡದೊಂದಿಗೆ ಮಹಿಳಾ ತರಬೇತುದಾರರು ಇರಬೇಕೆಂದು ಭಾರತೀಯ ಕ್ರೀಡಾ ಪ್ರಾಧಿಕಾರವೇ 2022ರಲ್ಲಿ ರಾಷ್ಟ್ರೀಯ ಒಕ್ಕೂಟಗಳಿಗೆ ಸೂಚಿಸಿತ್ತು.

ಉತ್ತರ 3 (ಆಟಗಾರನೊಬ್ಬನ ತಂದೆ):
ಹುಡುಗರನ್ನೂ ಮರೆಯಬೇಡಿ. ರೇಡ್‌ನಲ್ಲಿ ಸಿಕ್ಕಿಬಿದ್ದವನನ್ನು "ಹೆಣ್ಣಿಗ" ಎಂದು ಹಂಗಿಸುವುದು, ಜಾತಿ ಹಿಡಿದು ಕರೆಯುವುದು ನಮ್ಮ ಮೈದಾನಗಳಲ್ಲಿ ತಮಾಷೆಯೆಂದೇ ನಡೆದುಹೋಗುತ್ತದೆ. ನನ್ನ ಮಗ ಆಟ ಬಿಟ್ಟದ್ದು ಸೋಲಿಗಲ್ಲ, ಇದಕ್ಕೆ.

ಕ್ಲಬ್ ಕಾರ್ಯದರ್ಶಿ:
ಎಲ್ಲರಿಗೂ ಧನ್ಯವಾದಗಳು. ಮಹಿಳಾ ಮೇಲ್ವಿಚಾರಕರ ಬಸ್ ಖರ್ಚಿಗೆ ಹಣವಿಲ್ಲವೆಂದು ಖಜಾಂಚಿಗಳು ಹೇಳುತ್ತಿದ್ದಾರೆ.

ಉತ್ತರ 2 (ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ):
ಈ ವರ್ಷ ಹೊಸ ಜರ್ಸಿ ಬೇಡವೆನ್ನಿ, ಅಥವಾ ಹುಡುಗಿಯರ ತಾಯಂದಿರನ್ನೇ ಸರದಿಯಂತೆ ಬರಲು ಕೇಳಿ. ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯನ್ನೂ, ಮಕ್ಕಳು ದೂರು ಹೇಳಿಕೊಳ್ಳಲು ತರಬೇತುದಾರರಲ್ಲದ ಒಬ್ಬರ ಹೆಸರನ್ನೂ ಸೂಚನಾ ಫಲಕದಲ್ಲಿ ಬರೆದು ಹಾಕಲು ಖಜಾಂಚಿಗಳ ಅನುಮತಿ ಬೇಕಿಲ್ಲ.