ಆರ್‌ಎಸ್6265: ನನ್ನ ಡಿಎನ್‌ಎ ಫೈಲಲ್ಲಿ ಸಿ-ಟಿ ಅಕ್ಷರ, ಸಂಶೋಧನಾ ಪೇಪರ್‌ಗಳಲ್ಲಿ ಜಿ-ಎ. ಫೈಲ್ ಹಾಳಾಗಿದೆಯಾ?

ಪ್ರಶ್ನೆ

ಡಿಎನ್‌ಎ ಟೆಸ್ಟಿನ ರಾ ಡೇಟಾ ಇಳಿಸಿಕೊಂಡೆ. ಚಿಕ್ಕಪ್ಪನಿಗೆ ಸ್ಕಿಜೋಫ್ರೇನಿಯಾ ಇದೆ. ಅದಕ್ಕೇ ಮೊದಲು ಬಿಡಿಎನ್‌ಎಫ್ (ನರಕೋಶಗಳಿಗೆ ಬೇಕಾದ ಒಂದು ಪ್ರೊಟೀನ್) ಜೀನ್ ಹುಡುಕಿದೆ. ಅದರಲ್ಲಿ ಅಕ್ಷರ ಬದಲಾಗುವ ಒಂದು ಜಾಗದ ಸಾಲು ಹೀಗಿದೆ (ಜಾಗದ ಗುರುತು, ಕ್ರೋಮೋಸೋಮ್, ಪೊಸಿಷನ್, ನನ್ನ ಎರಡು ಅಕ್ಷರ):

ಆರ್‌ಎಸ್6265 | 11 | 27679916 | ಸಿಟಿ

ಪೇಪರ್‌ಗಳಲ್ಲಿ ಜಿ ಇದ್ದರೆ ವ್ಯಾಲ್ (ವ್ಯಾಲಿನ್), ಎ ಇದ್ದರೆ ಮೆಟ್ (ಮೆಥಿಯೋನಿನ್), ಎರಡೂ ಪ್ರೊಟೀನ್ ಕಟ್ಟುವ ಅಮೈನೋ ಆಮ್ಲಗಳು. ನನ್ನಲ್ಲಿ ಎರಡೂ ಇಲ್ಲ! ಆನ್‌ಲೈನ್ ಜೀನೋಮ್ ಬ್ರೌಸರಲ್ಲಿ ಪೊಸಿಷನ್ ಕೂಡ ಬೇರೆ, 27658369. ಇದೇನು ಅಪರೂಪದ ಮ್ಯುಟೇಶನ್ನಾ?

ಉತ್ತರ

ಗಾಬರಿ ಬೇಡ, ಫೈಲ್ ಸರಿಯಾಗಿದೆ. ಡಿಎನ್‌ಎಗೆ ಎದುರುಬದುರಾದ ಎರಡು ಎಳೆ, ಪ್ಲಸ್ ಮತ್ತು ಮೈನಸ್. ಬಿಡಿಎನ್‌ಎಫ್ ಇರುವುದು ಮೈನಸ್ ಎಳೆಯ ಮೇಲೆ. ಪೇಪರ್‌ನವರು ಜೀನ್ ಓದುವ ದಿಕ್ಕಿನಲ್ಲೇ ಅಕ್ಷರ ಬರೆಯುತ್ತಾರೆ. ನಿಮ್ಮ ಫೈಲ್ ಪ್ಲಸ್ ಎಳೆಯದ್ದು. ಸಿ ಎದುರು ಜಿ, ಟಿ ಎದುರು ಎ. ಅಂದರೆ ನಿಮ್ಮದು ಜಿಎ, ವ್ಯಾಲ್/ಮೆಟ್. ಪೊಸಿಷನ್ ಬೇರೆಯಾಗಿದ್ದು ಬಿಲ್ಡ್‌ನಿಂದ, ಅಂದರೆ ಜೀನೋಮ್ ನಕ್ಷೆಯ ಆವೃತ್ತಿಯಿಂದ: ಫೈಲ್ 37ರದ್ದು, ಬ್ರೌಸರ್ 38ರಲ್ಲಿದೆ.

ಮತ್ತೆ ಪ್ರಶ್ನೆ

ಅಯ್ಯೋ, ಹಾಗಾದರೆ ಮೆಟ್ ಇದೆ. ರಿಸ್ಕ್ ಎಷ್ಟು ಜಾಸ್ತಿ?

ಇನ್ನೊಬ್ಬರ ಉತ್ತರ

ಇದೊಂದನ್ನೇ ನೋಡಿ ಏನೂ ಹೇಳಲಾಗದು. ಈ ಪ್ರೊಟೀನ್ ಮೊದಲು ಉದ್ದವಾಗಿ ತಯಾರಾಗುತ್ತದೆ, ಆಮೇಲೆ ಮುಂಭಾಗದ ತುಂಡು ಕತ್ತರಿಸಿ ಹೋಗುತ್ತದೆ. ವ್ಯಾಲ್ ಅಥವಾ ಮೆಟ್ ಆಗುವ 66ನೇ ಅಮೈನೋ ಆಮ್ಲ ಇರುವುದು ಆ ಬಿಸಾಡುವ ತುಂಡಿನಲ್ಲಿ! ಕೊನೆಗೆ ಉಳಿಯುವ ಪ್ರೊಟೀನ್ ವ್ಯಾಲ್ ಇದ್ದವರದೂ ಮೆಟ್ ಇದ್ದವರದೂ ಒಂದೇ. ಮೆಟ್ ಇದ್ದರೆ, ನರಕೋಶ ಚುರುಕಾದಾಗ ಅದು ಹೊರಬರುವುದು ಸ್ವಲ್ಪ ಕಡಿಮೆ. 2003ರಲ್ಲಿ ಇದನ್ನು ನೆನಪಿನ ಶಕ್ತಿಗೆ ತಳುಕು ಹಾಕಿದ ಪೇಪರ್ ಬಂತು. ಆಮೇಲೆ ಸ್ಕಿಜೋಫ್ರೇನಿಯಾ ಬಗ್ಗೆ ಸಣ್ಣ ಸಣ್ಣ ಅಧ್ಯಯನಗಳ ಸಾಲು, ಒಂದು ಹೌದು ಅಂದರೆ ಇನ್ನೊಂದು ಇಲ್ಲ. 2014ರಲ್ಲಿ 36,989 ಸ್ಕಿಜೋಫ್ರೇನಿಯಾ ರೋಗಿಗಳ ಜೀನೋಮ್ ನೋಡಿದಾಗ ಕಾಯಿಲೆಗೆ ನಂಟಿರುವ 108 ಜಾಗ ಸಿಕ್ಕವು. ಇದು ಅದರಲ್ಲಿಲ್ಲ. ಸಿಕ್ಕ ಜಾಗಗಳಲ್ಲೂ ಒಂದೊಂದರ ಪ್ರಭಾವ ಚಿಟಿಕೆಯಷ್ಟೇ.

ಇನ್ನೊಂದು ಲೆಕ್ಕ ನೋಡಿ. ಯುರೋಪಿನವರಲ್ಲಿ ಈ ಜೀನಿನ ಪ್ರತಿಗಳಲ್ಲಿ ಮೆಟ್ ಸುಮಾರು ಐದರಲ್ಲೊಂದು ಪಾಲು, ಪೂರ್ವ ಏಷ್ಯಾದಲ್ಲಿ ಹೆಚ್ಚುಕಡಿಮೆ ಅರ್ಧ. ಹಾಗಂತ ಅಲ್ಲಿ ಕಾಯಿಲೆ ಎರಡು ಪಟ್ಟಿಲ್ಲ, ಅಲ್ವಾ? ಆ ಅಕ್ಷರಕ್ಕಿಂತ ನಿಮ್ಮ ಚಿಕ್ಕಪ್ಪನ ವಿಷಯವೇ ಡಾಕ್ಟರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ ಕೇಳಿದವರು

ಎಕ್ಸೆಲ್‌ನಲ್ಲಿ ಪೇಪರಿಗೆ ಹೊಂದದ ಸಾಲುಗಳನ್ನೆಲ್ಲ ಕೆಂಪು ಮಾಡಿಟ್ಟಿದ್ದೆ, ಅರ್ಧ ಹಾಳೆ ಕೆಂಪು. ಈಗ ಸುಮ್ನೆ ಎಲ್ಲಾ ಅಕ್ಷರ ತಿರುಗಿಸಿಬಿಡಲಾ?

ಉತ್ತರ

ಎಲ್ಲವನ್ನೂ ತಿರುಗಿಸಬೇಡಿ, ಪ್ಲಸ್ ಎಳೆಯ ಜೀನ್‌ಗಳೂ ಇರುತ್ತವೆ. ಒಂದೊಂದಕ್ಕೂ ಎಳೆ ಯಾವುದು ಅಂತ ನೋಡಿ. ಎ/ಟಿ, ಸಿ/ಜಿ ಜೋಡಿ ಬಂದರೆ ಜಾಸ್ತಿ ಹುಷಾರು. ಅವು ತಿರುಗಿಸಿದರೂ ಅದೇ ಅಕ್ಷರಗಳು, ಹಾಗಾಗಿ ಅಕ್ಷರ ನೋಡಿ ಎಳೆ ಯಾವುದು ಅಂತ ಗೊತ್ತಾಗದು.