ಅಲಾಸ್ಕಾದ ಮೂಲೆಯಿಂದ ಕಾಲೇಜ್ ಹಾಕಿಗೆ: ದಾರಿ ಗೊತ್ತಿದ್ದವರು ಹೇಳಿ

ಹುಡುಗನ ತಾಯಿ

ನಾವಿರೋದು ಅಲಾಸ್ಕಾದ ಒಂದು ಸಣ್ಣ ಊರಲ್ಲಿ. ಆಂಕರೇಜ್‌ಗೆ ಹೋಗಬೇಕಂದ್ರೂ ವಿಮಾನವೇ ಗತಿ. ಮಗನಿಗೆ ಹದಿನೈದು ತುಂಬಿದೆ, ಹತ್ತನೇ ಕ್ಲಾಸು. ಐಸ್ ಹಾಕಿಯಲ್ಲಿ ಡಿಫೆನ್ಸ್ ಆಡ್ತಾನೆ. ಕಾಲೇಜ್ ತಂಡಕ್ಕೆ ಸೇರಬೇಕು ಅನ್ನೋದೇ ಅವನ ಧ್ಯಾನ. ಇಲ್ಲಿನ ರಿಂಕ್‌ಗೆ ಆಟಗಾರರನ್ನ ಹುಡುಕೋ ಯಾವ ಸ್ಕೌಟೂ ಬರಲ್ಲ. ಈಗಲೇ ಅವನನ್ನ ಮಿನ್ನೆಸೋಟ ಕಡೆ ಎಲ್ಲಾದರೂ ಬಿಟ್ಟು ಆಡಿಸಬೇಕಾ? ಮಕ್ಕಳನ್ನ ಈ ದಾರೀಲಿ ಕಳಿಸಿದವರು ದಯವಿಟ್ಟು ಹೇಳಿ.

ಜೂನಿಯರ್ ಲೀಗ್ ಆಡಿ ಕಾಲೇಜ್ ಸೇರಿದ ಹುಡುಗನ ಅಪ್ಪ

ಅಕ್ಕಾ, ಮೊದಲು ಗಾಬರಿ ಬಿಡಿ. ಗಂಡುಮಕ್ಕಳ ಹಾಕಿಯಲ್ಲಿ ಹನ್ನೆರಡನೇ ಕ್ಲಾಸ್ ಮುಗಿಸಿ ನೇರವಾಗಿ ಎನ್‌ಸಿಎಎ (ಅಮೆರಿಕದ ಕಾಲೇಜ್ ಕ್ರೀಡೆ ನಡೆಸೋ ಸಂಸ್ಥೆ) ಡಿವಿಷನ್ 1, ಅಂದ್ರೆ ಎಲ್ಲಕ್ಕಿಂತ ಮೇಲಿನ ಹಂತದ, ತಂಡಕ್ಕೆ ಹೋಗೋರು ಕಡಿಮೆ. ನಡುವೆ ಒಂದೆರಡು ವರ್ಷ ಜೂನಿಯರ್ ಲೀಗ್ ಆಡಿ, ಹತ್ತೊಂಬತ್ತೋ ಇಪ್ಪತ್ತೋ ಆದಾಗ ಕಾಲೇಜ್ ಸೇರೋದೇ ರೂಢಿ. ನಿಮ್ಮ ಹುಡುಗನಿಗೆ ಇನ್ನೂ ಟೈಮ್ ಇದೆ.

ಅಮೆರಿಕದ ಜೂನಿಯರ್ ಹಾಕಿಯಲ್ಲಿ ಯುಎಸ್‌ಎಚ್‌ಎಲ್ ಎಲ್ಲಕ್ಕಿಂತ ಮೇಲಿನದು, ಅದರ ಕೆಳಗೆ ಎನ್‌ಎಎಚ್‌ಎಲ್. ಈ ಎರಡರಲ್ಲೂ ತಂಡಕ್ಕೆ ಆಡೋ ಫೀಸು ಕಟ್ಟೋದಿಲ್ಲ. ಅದಕ್ಕೂ ಕೆಳಗಿನ ಮೂರನೇ ಹಂತದಲ್ಲಿ ದುಡ್ಡು ಕಟ್ಟಿ ಆಡಬೇಕು. ‘ನಮ್ಮಲ್ಲಿ ಸೇರಿಸಿ, ಕಾಲೇಜ್ ಗ್ಯಾರಂಟಿ’ ಅಂತ ಯಾರಾದರೂ ಫೋನ್ ಮಾಡಿದ್ರೆ, ಹಿಂದಿನ ವರ್ಷ ಅವರ ತಂಡದಿಂದ ಯಾರ್ಯಾರು ಯಾವ ಕಾಲೇಜಿಗೆ ಹೋದರು ಅಂತ ಪಟ್ಟಿ ಕೇಳಿ. ಎನ್‌ಎಎಚ್‌ಎಲ್‌ನ ಫೇರ್‌ಬ್ಯಾಂಕ್ಸ್ ಐಸ್ ಡಾಗ್ಸ್, ಆಂಕರೇಜ್ ವುಲ್ವರೀನ್ಸ್ ನಿಮ್ಮ ರಾಜ್ಯದವೇ.

ಹದಿನೈದಕ್ಕೇ ಮನೆ ಬಿಡಿಸೋದು ನನಗೇನೋ ಸರಿ ಕಾಣಲ್ಲ. ಜೂನಿಯರ್‌ಗೆ ಹೋದಾಗ ಹೇಗೂ ಬೇರೆಯವರ ಮನೇಲಿ, ಬಿಲೆಟ್ ಕುಟುಂಬದ ಜತೆ, ಇರಲೇಬೇಕಾಗುತ್ತೆ. ಅದಕ್ಕೂ ಮುಂಚೆ ದೇಶದ ಹಾಕಿ ಸಂಸ್ಥೆಯಾದ ಯುಎಸ್‌ಎ ಹಾಕಿಯವರ ಶಿಬಿರಗಳಿವೆ. ಅಲಾಸ್ಕಾ ಅವರ ಪೆಸಿಫಿಕ್ ಡಿಸ್ಟ್ರಿಕ್ಟ್ ಅನ್ನೋ ವಿಭಾಗಕ್ಕೆ ಸೇರುತ್ತೆ. ಅಲ್ಲಿನ ಆಯ್ಕೆಯಲ್ಲಿ ಗೆದ್ದರೆ 15, 16, 17ರ ವಯಸ್ಸಿನವರ ರಾಷ್ಟ್ರೀಯ ಶಿಬಿರಕ್ಕೆ ಹೋಗಬಹುದು. ಆ ಶಿಬಿರ ನೋಡೋಕೆ ಕಾಲೇಜ್ ಕೋಚ್‌ಗಳು ತಾವಾಗೇ ಬರ್ತಾರೆ. ಖರ್ಚು ಮಾಡೋದಾದ್ರೆ ಅಲ್ಲಿಗೆ ಮಾಡಿ, ಸ್ಕೌಟ್‌ಗಳಿಗೆ ಆಟ ತೋರಿಸೋಕೆ ಅಂತ ನಡೆಸೋ ಕಂಡಕಂಡ ಶೋಕೇಸ್ ಟೂರ್ನಿಗಳಿಗೆ ಬೇಡ.

ಇನ್ನು ವಿಡಿಯೊ. ದೂರದ ಊರಿನ ಹುಡುಗನಿಗೆ ಇದಕ್ಕಿಂತ ದೊಡ್ಡ ಆಸರೆ ಇಲ್ಲ, ಅದಕ್ಕೇ ಸ್ವಲ್ಪ ಉದ್ದ ಹೇಳ್ತೀನಿ. ಬರೀ ಗೋಲು, ಜೋರಾದ ಡಿಕ್ಕಿ ಜೋಡಿಸಿ ಹಾಡು ಹಾಕಬೇಡಿ. ಡಿಫೆನ್ಸ್‌ನವನಲ್ಲಿ ಕೋಚ್ ನೋಡೋದೇ ಬೇರೆ: ಮೂಲೆಗೆ ಹೋದ ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲಿಗಿರೋ ಬಿಲ್ಲೆ) ತೆಗೆಯೋಕೆ ಮುಂಚೆ ಭುಜದ ಮೇಲಿಂದ ಹಿಂದೆ ತಿರುಗಿ ನೋಡ್ತಾನಾ? ಎದುರಾಳಿ ಮೈಮೇಲೆ ಬರ್ತಿದ್ದಾಗ ಮೊದಲ ಪಾಸು ಸರಿಯಾಗಿ ಹೋಗುತ್ತಾ? ಹಿಂದಕ್ಕೆ ಸ್ಕೇಟ್ ಮಾಡ್ತಾ ನುಗ್ಗಿ ಬರೋನ ಜತೆ ಎಷ್ಟು ಅಂತರ ಕಾಯ್ತಾನೆ? ಪಕ್ ತನ್ನ ಹತ್ರ ಇಲ್ಲದಾಗ ಎಲ್ಲಿ ನಿಂತಿರ್ತಾನೆ? ಅದಕ್ಕೆ ಶಿಫ್ಟ್‌ಗಳನ್ನ, ಅಂದ್ರೆ ಅವನು ಒಂದು ಸಲ ಐಸ್‌ಗೆ ಇಳಿದು ಬೆಂಚಿಗೆ ವಾಪಸ್ ಬರೋವರೆಗಿನ ಆಟವನ್ನ, ಪೂರ್ತಿಯಾಗಿ ಕೊಡಿ, ಪ್ರತಿ ಶಿಫ್ಟ್ ಶುರುವಿನಲ್ಲಿ ಅವನ ಸುತ್ತ ಒಂದು ಗುರುತು ಹಾಕಿ. ತುಣುಕು ಚಿಕ್ಕದಾಗಿರಲಿ, ಜತೆಗೆ ಇಡೀ ಪಂದ್ಯದ ಲಿಂಕೂ ಇರಲಿ. ಇಷ್ಟವಾದ್ರೆ ಅವರು ಇಡೀ ಪಂದ್ಯ ನೋಡೇ ನೋಡ್ತಾರೆ.

ಬರೆಯೋದು ಹೆಡ್ ಕೋಚ್‌ಗೆ ಮಾತ್ರ ಅಲ್ಲ, ಅಸಿಸ್ಟೆಂಟ್ ಕೋಚ್‌ಗೂ. ಆಟಗಾರರನ್ನ ಹುಡುಕೋ ಓಡಾಟ ಹೆಚ್ಚಾಗಿ ಅವರದೇ. ಹುಟ್ಟಿದ ವರ್ಷ, ಎತ್ತರ, ತೂಕ, ಎಡಗೈ ಶಾಟೋ ಬಲಗೈಯೋ, ಜಿಪಿಎ (ಶಾಲೆಯ ಗ್ರೇಡ್‌ಗಳ ಸರಾಸರಿ), ಮುಂದಿನ ಪಂದ್ಯಗಳ ದಿನಾಂಕ, ಈಗಿನ ಕೋಚ್‌ನ ನಂಬರ್, ಇಷ್ಟು ಸಾಕು. ಉತ್ತರ ಬರಲಿಲ್ಲ ಅಂತ ಬೇಜಾರು ಬೇಡ. ಹತ್ತನೇ ಕ್ಲಾಸಿನ ಜನವರಿ 1ಕ್ಕೆ ಮುಂಚೆ ಡಿವಿಷನ್ 1 ಕೋಚ್‌ಗಳು ರಿಕ್ರೂಟಿಂಗ್ ಮಾತಾಡೋ ಹಾಗೇ ಇಲ್ಲ. ಆಫರ್ ಕೊಡೋದು, ಕ್ಯಾಂಪಸ್‌ಗೆ ಕರೆಸಿಕೊಳ್ಳೋದು ಹನ್ನೊಂದನೇ ಕ್ಲಾಸಿಗೆ ಮುಂಚಿನ ಆಗಸ್ಟ್ 1ರ ನಂತರ.

ಮಗಳನ್ನು ಕಾಲೇಜ್ ಹಾಕಿಗೆ ಕಳಿಸಿದ ತಾಯಿ

ಹೆಣ್ಣುಮಕ್ಕಳಿದ್ದವರೂ ಇದನ್ನ ಓದ್ತಿರಬಹುದು ಅಂತ ಹೇಳ್ತೀನಿ: ಅವರು ಸಾಮಾನ್ಯವಾಗಿ ಹೈಸ್ಕೂಲ್ ಮುಗಿಸಿ ನೇರ ಕಾಲೇಜಿಗೇ ಹೋಗ್ತಾರೆ, ಕೋಚ್‌ಗಳ ಮಾತುಕತೆ ಹತ್ತನೇ ಕ್ಲಾಸ್ ಮುಗಿದ ಮೇಲೆ ಜೂನ್ 15ರಿಂದ. ಅಲಾಸ್ಕಾದ ಪಾಮರ್‌ನಲ್ಲಿ ಬೆಳೆದ ಕೆರಿ ವೈಲೆಂಡ್ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಆಡಿ, 2010ರ ಒಲಿಂಪಿಕ್ಸ್‌ನಲ್ಲಿ ಅಮೆರಿಕ ತಂಡದ ಜತೆ ಬೆಳ್ಳಿ ಗೆದ್ದರು.

ನಿಮಗೆ ನಾನು ಹೇಳಬೇಕಾದ್ದು ಓದಿನ ವಿಷಯ. ಆಟಗಾರರ ಅರ್ಹತೆ ನೋಡೋ ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್ 16 ಕೋರ್ ಕೋರ್ಸ್, ಅಂದ್ರೆ ಮುಖ್ಯ ವಿಷಯಗಳ ಕೋರ್ಸ್, ಕೇಳುತ್ತೆ. ಅದರಲ್ಲಿ 10 ಹನ್ನೆರಡನೇ ಕ್ಲಾಸ್ ಶುರುವಾಗೋ ಮುಂಚೆ ಮುಗಿದಿರಬೇಕು, ಆ 10ರಲ್ಲಿ 7 ಇಂಗ್ಲಿಷ್, ಗಣಿತ, ವಿಜ್ಞಾನದ್ದು. ಆಮೇಲೆ ಅವನ್ನ ಮತ್ತೆ ಓದಿ ಗ್ರೇಡ್ ಹೆಚ್ಚಿಸಿಕೊಳ್ಳೋಕೆ ಆಗಲ್ಲ. ಕೋರ್ ಜಿಪಿಎ ಕನಿಷ್ಠ 2.3. ಎಸ್‌ಎಟಿ ಪ್ರವೇಶ ಪರೀಕ್ಷೆಯ ಅಂಕ ಈಗ ಅರ್ಹತೆಗೆ ಬೇಕಿಲ್ಲ, ಕಾಲೇಜಿನ ಪ್ರವೇಶಕ್ಕೆ ಬೇಕಾಗಬಹುದು.

ಸಣ್ಣ ಊರಿನ ಶಾಲೆಗಳಲ್ಲಿ ತೊಡಕಾಗೋದು ಇಲ್ಲೇ. ಟೀಚರ್ ಇಲ್ಲ ಅಂತ ಕೆಮಿಸ್ಟ್ರಿಯನ್ನೋ ಆಲ್ಜೀಬ್ರಾವನ್ನೋ ಆನ್‌ಲೈನ್‌ನಲ್ಲಿ ಓದಿಸ್ತಾರೆ. ಟೀಚರ್ ಜತೆ ನಿಯಮಿತ ಒಡನಾಟ ಇಲ್ಲದ ಆನ್‌ಲೈನ್ ಕೋರ್ಸನ್ನ ಎನ್‌ಸಿಎಎ ಒಪ್ಪಲ್ಲ. ಪ್ರತಿ ಶಾಲೆಯ ಒಪ್ಪಿಗೆಯಾದ ಕೋರ್ಸ್‌ಗಳ ಪಟ್ಟಿ ಎಲಿಜಿಬಿಲಿಟಿ ಸೆಂಟರ್‌ನಲ್ಲಿ ಸಿಗುತ್ತೆ. ಕೌನ್ಸೆಲರ್ ಜತೆ ಕೂತು ಮಗನ ಒಂದೊಂದು ವಿಷಯವೂ ಅದರಲ್ಲಿದೆಯಾ ನೋಡಿ. ಇದಕ್ಕೆ ವಿಮಾನ ಹತ್ತಬೇಕಿಲ್ಲ.

ಕಾಲೇಜಿನಲ್ಲಿ ಆಡಿದವನು

ಆಂಟಿ, ಎರಡು ವಿಷಯ ಸೇರಿಸ್ತೀನಿ. 2025ರ ಆಗಸ್ಟ್ 1ರಿಂದ ಕೆನಡಾದ ಡಬ್ಲ್ಯುಎಚ್‌ಎಲ್, ಒಎಚ್‌ಎಲ್, ಕ್ವಿಬೆಕ್ ಅನ್ನೋ ಜೂನಿಯರ್ ಲೀಗ್‌ಗಳಲ್ಲಿ ಆಡಿದವರೂ ಡಿವಿಷನ್ 1 ಕಾಲೇಜಿಗೆ ಆಡಬಹುದು. ಮೊದಲು ಆ ಬಾಗಿಲು ಮುಚ್ಚಿತ್ತು. ನಿಮ್ಮ ಮಗನಿಗೆ ಇನ್ನೊಂದು ದಾರಿ ಸಿಕ್ಕಿತು ನಿಜ, ಆದರೆ ಕಾಲೇಜ್ ಸೀಟಿಗೆ ಪೈಪೋಟಿಯೂ ಬಹಳ ಹೆಚ್ಚಾಯ್ತು. ಕೆಳಗಿನ ಹಂತದ ಡಿವಿಷನ್ 3 ಕಾಲೇಜುಗಳನ್ನೂ ಈಗಿನಿಂದಲೇ ಪಟ್ಟಿಗೆ ಸೇರಿಸಿಕೊಳ್ಳಿ. ಅಲ್ಲಿ ಮತ್ತು ಹಾರ್ವರ್ಡ್, ಯೇಲ್‌ನಂಥ ಐವಿ ಲೀಗ್ ಕಾಲೇಜುಗಳಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಇಲ್ಲ. ಆದರೆ ಮನೆಯ ಆದಾಯ ನೋಡಿ ಕೊಡೋ ನೆರವು ಕೆಲವರಿಗೆ ಚೆನ್ನಾಗೇ ಸಿಗುತ್ತೆ. ಆಟ ಕೂಡ ಗಟ್ಟಿಯಾಗಿರುತ್ತೆ.

ಎರಡನೆಯದು, ಓದೋಕೂ ಇಷ್ಟವಾಗೋ ಕಾಲೇಜನ್ನೇ ಆರಿಸಲಿ. ನಿಮ್ಮ ಆಂಕರೇಜ್‌ನ ಅಲಾಸ್ಕಾ ವಿಶ್ವವಿದ್ಯಾಲಯದ ಸೀವುಲ್ವ್ಸ್ ಹಾಕಿ ತಂಡವನ್ನೇ 2020ರಲ್ಲಿ ರದ್ದು ಮಾಡೋಕೆ ಹೊರಟಿದ್ದರು. ಅಭಿಮಾನಿಗಳು 30 ಲಕ್ಷ ಡಾಲರ್ ಕೂಡಿಸಿದ ಮೇಲೆ 2022ರಲ್ಲಿ ಮತ್ತೆ ಮೈದಾನಕ್ಕೆ ಬಂತು. ನಡುವಿನ ಹೊತ್ತಲ್ಲಿ ಆಟಗಾರರು ಬೇರೆ ಕಡೆ ಜಾಗ ಹುಡುಕಿಕೊಳ್ಳಬೇಕಾಯ್ತು.

ಹುಡುಗನ ತಾಯಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೌನ್ಸೆಲರ್ ಹತ್ರ ನಾಳೆಯೇ ಮಾತಾಡ್ತೀನಿ. ಒಂದೇ ಸಂಶಯ, ಇಮೇಲ್ ಅವನೇ ಬರೀಬೇಕಾ? ಅವನಿಗೆ ತುಂಬಾ ನಾಚಿಕೆ. ನಾನು ಬರೆದರೆ ಆಗಲ್ವಾ?

ಜೂನಿಯರ್ ಲೀಗ್ ಆಡಿ ಕಾಲೇಜ್ ಸೇರಿದ ಹುಡುಗನ ಅಪ್ಪ

ಅವನೇ ಬರೀಲಿ ಅಕ್ಕ. ನಾಲ್ಕು ಸಾಲಿದ್ದರೂ ಪರವಾಗಿಲ್ಲ, ತಪ್ಪು ತಿದ್ದಿಕೊಡಿ ಅಷ್ಟೇ. ಮುಂದೆ ಕೋಚ್ ಫೋನ್ ಮಾಡಿದಾಗ ಮಾತಾಡಬೇಕಾದವನೂ ಅವನೇ ಅಲ್ವಾ? ಅಲ್ಲಿವರೆಗೂ ದಿನಾ ಊಟದ ಹೊತ್ತಲ್ಲಿ ನೀವೇ ಕೋಚ್ ಥರ ಪ್ರಶ್ನೆ ಕೇಳಿ ಅಭ್ಯಾಸ ಮಾಡಿಸಿ. ವಿಡಿಯೊ ರೆಡಿಯಾದರೆ ನನಗೂ ಕಳಿಸಿ, ಮಗನ ಹತ್ರ ಕೂತು ನೋಡಿ ಯಾವ ಶಿಫ್ಟ್ ಮೊದಲು ಇಡಬೇಕು ಅಂತ ಹೇಳಿಸ್ತೀನಿ.