‘ಗ್ಲೇರ್’ಗೆ ಯಾವ ಮಾತು: ಪ್ರಖರತೆ, ಕೋರೈಸು, ಕುಕ್ಕು?

ಗೆಳೆಯರೇ,

ವಿಮಾನ ನಿಲ್ದಾಣಗಳ ಒಳಗೆ ಹಗಲಿನ ಬೆಳಕು ತರುವ ಬಗೆಯ ಮೇಲೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕಣ್ಣಿಗೆ ಹೊಡೆದು ಕಾಟ ಕೊಡುವ ಬೆಳಕಿಗೆ ಇಂಗ್ಲಿಷಿನಲ್ಲಿ ಹೇಳುವ ‘ಗ್ಲೇರ್’ ಎಂಬ ಮಾತಿನ ಹತ್ತಿರ ಮೂರು ದಿನದಿಂದ ನಿಂತಿದ್ದೇನೆ.

‘ಪ್ರಖರತೆ’ ನನಗೆ ಒಪ್ಪುತ್ತಿಲ್ಲ. ಅದು ಬೆಳಕಿನ ಗುಣ. ಗ್ಲೇರ್ ಆಗುವುದು ಕಣ್ಣಿಗೆ. ಮಧ್ಯಾಹ್ನದ ಬಯಲಲ್ಲಿ ಬೆಳಕು ಎಷ್ಟೋ ಪಟ್ಟು ಜಾಸ್ತಿ, ಆದರೂ ಅಂಗಡಿ ಬೋರ್ಡು ಓದಬಹುದು. ಮಬ್ಬು ಹಜಾರದ ತುದಿಯಲ್ಲಿ ಒಂದು ಗಾಜಿನ ಗೋಡೆ ಹೊಳೆದರೆ ಸಾಕು, ಅದರ ಮುಂದೆ ತೂಗುವ ಬೋರ್ಡು ಬರೀ ಕಪ್ಪು. ಒಮ್ಮೆ ಒಂದು ರೈಲು ನಿಲ್ದಾಣದಲ್ಲಿ ಅಮ್ಮನನ್ನು ಕೂರಿಸಿ ಪ್ಲಾಟ್‌ಫಾರ್ಮ್ ನಂಬರ್ ನೋಡಲು ಹೋದೆ. ಹಣೆಗೆ ಕೈ ಅಡ್ಡ ಹಿಡಿದರೂ ಓದಲಾಗಲಿಲ್ಲ. ಗ್ಲೇರ್ ಅಳೆಯಲು 2006ರಲ್ಲಿ ಬಂದ ಡಿಜಿಪಿ (ಡೇಲೈಟ್ ಗ್ಲೇರ್ ಪ್ರಾಬಬಿಲಿಟಿ, ಅಂದರೆ ಹಗಲ ಬೆಳಕು ಕಣ್ಣಿಗೆ ಕಾಟ ಕೊಡುವ ಸಂಭವ) ಲೆಕ್ಕವೂ ನೋಡುವವರ ಕಣ್ಣು ಇರುವ ಜಾಗದಿಂದಲೇ ಶುರುವಾಗುತ್ತದೆ. ಅದು 0.45 ದಾಟಿದರೆ ಸಹಿಸಲಾಗದ್ದು ಎಂದು ಎಣಿಸುತ್ತಾರೆ.

‘ಕೋರೈಸು’ ಚೆಂದದ ಮಾತು. ಆದರೆ ಒಡವೆ, ದಸರಾ ದೀಪ ನೋಡಿ ಮೆಚ್ಚಿಯೂ ಹಾಗೇ ಅನ್ನುತ್ತೇವೆ, ಅಲ್ವಾ? ‘ಕುಕ್ಕು’ವಿನಲ್ಲಿ ನೋವಿದೆ, ಕೋಳಿ ಕುಕ್ಕಿದ ಹಾಗೆ. ಅದಕ್ಕೇ ‘ಸುಡುಬಿಸಿಲಿ’ನ ಜಾಡಿನಲ್ಲಿ ‘ಕುಕ್ಕುಬೆಳಕು’ ಎಂದು ಕಟ್ಟಿದ್ದೇನೆ. ಇದೂ ಬೆಳಕಿನ ಹೆಸರೇ, ಆದರೆ ಕಣ್ಣಿಗೆ ಅದು ಮಾಡುವ ಕೆಲಸದಿಂದ ಬಂದ ಹೆಸರು.

ತೊಡಕು ಇರುವುದು ಇಲ್ಲಿ. ಬಲ್ಲವರು ಗ್ಲೇರ್‌ನಲ್ಲಿ ಎರಡು ಬಗೆ ಹೇಳುತ್ತಾರೆ. ಒಂದು ಎದುರಿನದನ್ನು ಕಾಣದಂತೆ ಮಾಡುವುದು. ಇನ್ನೊಂದರಲ್ಲಿ ಎಲ್ಲ ಕಾಣುತ್ತದೆ, ಆದರೆ ಕಣ್ಣಿಗೆ ಕಿರಿಕಿರಿ. ಮೊದಲನೆಯದಕ್ಕೆ ‘ನೋಟ ಕೆಡಿಸುವ ಕುಕ್ಕು’ ಅನ್ನಬಹುದೇನೋ. ಎರಡನೆಯದಕ್ಕೆ ‘ಕಣ್ಣುರಿ’ ಅಂದರೆ ಹೊಗೆ, ಈರುಳ್ಳಿ ನೆನಪಾಗುತ್ತವೆ.

‘ಗ್ಲೇರ್ ನಿಯಂತ್ರಣ’ದ ಕಡೆ ಮಾತ್ರ ನೆಮ್ಮದಿ: ‘ಬೆಳಕು ಸೋಸುವುದು’. ಲಂಡನ್ನಿನ ಸ್ಟಾನ್‌ಸ್ಟೆಡ್ ವಿಮಾನ ನಿಲ್ದಾಣದಲ್ಲಿ (1991) ಚಾವಣಿಯ ಬೆಳಕಿಂಡಿಗಳ ಕೆಳಗೆ ತೂತು ಕೊರೆದ ಲೋಹದ ತಗಡು ತೂಗಿಸಿದ್ದಾರೆ. 2022ರಲ್ಲಿ ಉದ್ಘಾಟನೆಯಾದ ಬೆಂಗಳೂರಿನ ಎರಡನೇ ಟರ್ಮಿನಲ್‌ನಲ್ಲಿ ಆ ಕೆಲಸ ಬಿದಿರಿನ ಹೆಣಿಗೆಯದು. ಇದಕ್ಕೆ ‘ಜಾಲಂದ್ರ’ ಎಂದೇ ಬರೆದೆ. ಬೇಲೂರಿನ ಗುಡಿಯಲ್ಲಿ ಕಲ್ಲು ಮಾಡಿದ್ದನ್ನೇ ಇಲ್ಲಿ ಬಿದಿರು ಮಾಡುತ್ತಿದೆ.

ಎದುರು ಮನೆಯ ಜಿಂಕ್ ಶೀಟಿನ ಮೇಲೆ ಬಿಸಿಲು ಬಿದ್ದು ಕಣ್ಣಿಗೆ ಹೊಡೆದಾಗ ನಿಮ್ಮ ಕಡೆ ಹಿರಿಯರು ಏನನ್ನುತ್ತಾರೆ? ಕರಾವಳಿ, ಧಾರವಾಡದ ಕಡೆಯ ಮಾತು ನನಗೆ ತುಂಬಾ ಬೇಕಾಗಿದೆ.